ಕಾಶಮ್ಮನ ಉಗುರು, ಸಿಲೋನಿನ ಅಡಿಕೆ

ನಮ್ಮ ಅತ್ತಿಗೆ ಕಾಶಮ್ಮನ ವಿಷಯ ಬರೆಯಬೇಕಾದರೆ ಮೊದಲು ಅವಳ ಬಲಗೈ ಹೆಬ್ಬೆರಳಿನ ಉಗುರಿನ ವಿಷಯ ಬರೆಯಬೇಕು. ಮನುಷ್ಯರನ್ನು ಬಿಟ್ಟು ಉಗುರಿನಿಂದ ಶುರು ಮಾಡುತ್ತೀರಲ್ಲ ಎಂದು ನನ್ನ ಹೆಂಡತಿ ಜಗದಾಂಬಾ ನಗುತ್ತಾಳೆ. ನಗಲಿ. ಅವಳಿಗೆ ಆ ಉಗುರಿನ ಬೆಲೆ ಗೊತ್ತಿಲ್ಲ. ನನಗೂ ಬಹಳ ದಿನ ಗೊತ್ತಿರಲಿಲ್ಲ, ಗೊತ್ತಾದ ದಿನ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಶಿವಮೊಗ್ಗದ ಅಡಿಕೆ ಮಂಡಿಯ ಹಿಂದೆ ಒಂದು ಕಲ್ಲು ಹಾಸಿದ ಅಂಗಳವಿತ್ತು. ಅಲ್ಲಿ ನಲವತ್ತು ಹೆಂಗಸರು ಸಾಲಾಗಿ ಕೂತು ಅಡಿಕೆ ಆರಿಸುತ್ತಿದ್ದರು. ನಮ್ಮ ಕಡೆ ಹಸಿ ಅಡಿಕೆಯನ್ನು ಸುಲಿದು, ಹೋಳು ಮಾಡಿ, ಚೊಗರು ಎಂಬ ಕೆಂಪು ಕಷಾಯದಲ್ಲಿ ಬೇಯಿಸಿ ಒಣಗಿಸುತ್ತಾರೆ. ಸರಿಯಾಗಿ ಬೆಂದ ಅಡಿಕೆಯಲ್ಲಿ ಬಣ್ಣ ಒಳಗೆ ಇಳಿದಿರುತ್ತದೆ. ಮೋಸದ ಮಾಲಿನಲ್ಲಿ ಬಣ್ಣ ಮೇಲೆ ಮಾತ್ರ ಕೂತಿರುತ್ತದೆ. ಕಣ್ಣಿಗೆ ಎರಡೂ ಒಂದೇ. ಅತ್ತಿಗೆ ಎಡಗೈಯಲ್ಲಿ ಅಡಿಕೆ ಹಿಡಿದು ಬಲಗೈ ಹೆಬ್ಬೆರಳಿನ ಉಗುರಿನಿಂದ ಒಂದು ಗೀರು ಎಳೆಯುತ್ತಿದ್ದಳು, ಅಷ್ಟೇ. ಅಡಿಕೆ ತನ್ನ ಜಾತಕವನ್ನೆಲ್ಲ ಹೇಳಿಬಿಡುತ್ತಿತ್ತು. ಆ ಉಗುರನ್ನು ಅವಳು ಅರ್ಧ ಅಂಗುಲ ಬೆಳೆಸಿ, ಕಲ್ಲಿಗೆ ಉಜ್ಜಿ ಅಂಚು ಕಟ್ಟಿ, ದಿನಾ ಸಂಜೆ ಹರಳೆಣ್ಣೆ ಹಚ್ಚಿ ಕಾಪಾಡುತ್ತಿದ್ದಳು. ಪಕ್ಕದಲ್ಲಿ ಕೂರುತ್ತಿದ್ದ ಹುಚ್ಚಮ್ಮ ಎಂಬ ಎಳೆ ಹುಡುಗಿ ಉಗುರು ಬೆಳೆಸಲು ಹೋಗಿ ಎರಡು ಸಲ ಮುರಿದುಕೊಂಡಾಗ ಅತ್ತಿಗೆ, ಪಾತ್ರೆ ತಿಕ್ಕೋ ಕೈಗೆ ಪಾತ್ರೆಯೇ ಸರಿ ಎಂದು ಬೈದು, ಮರುದಿನ ತಾನೇ ಅವಳ ಬೆರಳಿಗೆ ಬಟ್ಟೆ ಸುತ್ತಿ ಕಳಿಸಿದ್ದಳು.

ನಮ್ಮಣ್ಣ ಉಜ್ಜನಪ್ಪ ತೀರಿಕೊಂಡಾಗ ಅವಳಿಗೆ ಇಪ್ಪತ್ತೆಂಟು, ನನಗೆ ಹದಿನೈದು. ದುರ್ಗಿಗುಡಿ ಬೀದಿಯ ನಮ್ಮಂಥ ಮನೆಯಿಂದ ಒಬ್ಬ ಹೆಂಗಸು ಮಂಡಿಗೆ ಕೂಲಿಗೆ ಹೋಗುವುದೆಂದರೆ ನೆಂಟರ ಬಾಯಿಗೆ ಹಬ್ಬ. ಅವಳು ಹೋದಳು. ಆ ಕೂಲಿಯಲ್ಲೇ ನನ್ನನ್ನು ಇಂಟರ್‌ಮೀಡಿಯೇಟ್‌ವರೆಗೆ ಓದಿಸಿದಳು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ನನಗೆ ಸ್ಟೋರ್ಸ್ ಗುಮಾಸ್ತನ ಕೆಲಸ ಸಿಕ್ಕಿದಾಗ ಅದೇ ನೆಂಟರು ಬಂದು ಹೋಳಿಗೆ ಉಂಡು ಹೋದರು. ಅವರ ಹೆಸರು ಬರೆಯುವುದಿಲ್ಲ, ಬರೆದರೆ ಕಾಗದಕ್ಕೆ ಅವಮಾನ.

ಸಾವಿರದ ಒಂಬೈನೂರ ಐವತ್ತೈದರಲ್ಲಿ ಸಿಲೋನಿನ ಅಡಿಕೆ ಮುಂಬಯಿಗೆ ಹಡಗುಗಟ್ಟಲೆ ಬಂದು ಬಿದ್ದಿತು. ನಮ್ಮ ಮಂಡಿಗೆ ಪ್ರತಿ ವರ್ಷ ಬರುತ್ತಿದ್ದ ಮುಂಬಯಿಯ ಖರೀದಿದಾರರು ಆ ವರ್ಷ ತಲೆ ಹಾಕಲಿಲ್ಲ. ಅಗ್ಗದ ಸಿಲೋನ್ ಅಡಿಕೆಗೆ ಅಲ್ಲಿಯೇ ಕೆಂಪು ಬಣ್ಣ ಹಚ್ಚಿ ಶಿವಮೊಗ್ಗದ ಮಾಲು ಎಂದು ಮಾರುತ್ತಿದ್ದಾರೆಂದು ಸುದ್ದಿ ಬಂತು. ಮಂಡಿ ಸಾಹುಕಾರ ಮುರುಗೇಶಪ್ಪನವರು ಅಂಗಳಕ್ಕೆ ಬಂದು, ಹೀಗೇ ಆದರೆ ದೀಪಾವಳಿ ಹೊತ್ತಿಗೆ ಆರಿಸುವ ಕೆಲಸ ನಿಲ್ಲಿಸುತ್ತೇನೆ, ಆರಿಸದ ಮಾಲನ್ನೇ ಸಿಕ್ಕ ಬೆಲೆಗೆ ಕಳಿಸುತ್ತೇನೆ ಎಂದು ನಲವತ್ತು ಹೆಂಗಸರ ಎದುರಿಗೇ ಹೇಳಿದರು. ದೀಪಾವಳಿಗೆ ನಾಲ್ಕು ತಿಂಗಳಿತ್ತು.

ಸಿಲೋನಿನ ಅಡಿಕೆ ಅಷ್ಟು ಅಗ್ಗವಾಗಿದ್ದೇಕೆ? ನನಗೆ ಅದರ ಗುಟ್ಟು ಭದ್ರಾವತಿಯಲ್ಲಿ ಗೊತ್ತಾಗಿತ್ತು. ಪರದೇಶದ ಯಂತ್ರಗಳ ಬಿಡಿಭಾಗ ಬಂದಾಗ ಸುಂಕದ ಕಾಗದಗಳು ನನ್ನ ಮೇಜಿಗೇ ಬರುತ್ತಿದ್ದವು. ಒಂದೇ ಅಳತೆಯ ಭಾಗ ಜರ್ಮನಿಯಿಂದ ಬಂದರೆ ಒಂದು ಸುಂಕ, ಇಂಗ್ಲೆಂಡಿನಿಂದ ಬಂದರೆ ಅದಕ್ಕಿಂತ ಕಡಿಮೆ. ಇದೇನು ಸ್ವಾಮಿ, ಬ್ರಿಟಿಷರು ಹೋಗಿ ಎಂಟು ವರ್ಷವಾಯಿತಲ್ಲ ಎಂದು ನಾನು ಸೂಪರಿಂಟೆಂಡೆಂಟರನ್ನು ಕೇಳಿದ್ದೆ. ಅವರು ಹೋದರಯ್ಯ, ಅವರ ರಿಯಾಯಿತಿ ಹೋಗಿಲ್ಲ ಎಂದಿದ್ದರು ಅವರು. ಹಿಂದೆ ಬ್ರಿಟಿಷ್ ಸಾಮ್ರಾಜ್ಯದಲ್ಲಿದ್ದ ದೇಶಗಳು ತಮ್ಮತಮ್ಮಲ್ಲಿ ಕಡಿಮೆ ಸುಂಕ ಹಾಕಿಕೊಳ್ಳುವ ಒಪ್ಪಂದ ಹಾಗೆಯೇ ಉಳಿದಿತ್ತು. ಸಿಲೋನೂ ಆ ಬಳಗದಲ್ಲೇ ಇತ್ತು. ಬೇರೆ ದೇಶದ ಅಡಿಕೆಗೆ ಹಾಕುವ ಸುಂಕಕ್ಕಿಂತ ಅವರ ಅಡಿಕೆಗೆ ಕಡಿಮೆ.

ಅತ್ತಿಗೆಗೆ ನಾನು ಇದನ್ನು ವಿವರಿಸಿದಾಗ ಅವಳು ತಲೆದೂಗಿ, ಬೀಗರ ಎಲೆಗೆ ತುಪ್ಪ ಸುರಿದು ಮನೆ ಮಕ್ಕಳಿಗೆ ಬರಿಯನ್ನ ಬಡಿಸಿದ ಹಾಗೆ ಎಂದಳು. ಅರ್ಥಶಾಸ್ತ್ರದ ಪುಸ್ತಕದಲ್ಲಿ ನಲವತ್ತು ಪುಟ ಓದಿ ನನಗೆ ಅರ್ಥವಾಗಿದ್ದು ಅವಳಿಗೆ ಒಂದು ಮಾತಿನಲ್ಲಿ ಆಯಿತು.

ಮಂಡಿಯವರು ಬರೆದ ದೂರಿನ ಮೇಲೆ ದಿಲ್ಲಿಯಿಂದ ಮೂರು ಜನರ ಸಮಿತಿಯೊಂದು ಬರುವುದೆಂದು ತಿಳಿಯಿತು. ಸಿಲೋನ್ ಅಡಿಕೆಯಿಂದ ನಮಗೆ ನಷ್ಟವಾಗುತ್ತಿದೆಯೇ ಎಂದು ವಿಚಾರಿಸಿ ಸರ್ಕಾರಕ್ಕೆ ವರದಿ ಕೊಡುವುದು ಅವರ ಕೆಲಸ. ಇಂಗ್ಲಿಷು ಕನ್ನಡ ಎರಡೂ ಬಲ್ಲವನೆಂದು ಮುರುಗೇಶಪ್ಪನವರು ನನ್ನನ್ನು ದುಭಾಷಿಯಾಗಿ ಕೂರಿಸಿದರು. ನಾನು ಕಾರ್ಖಾನೆಗೆ ರಜೆ ಹಾಕಿ ವಾರ ಮುಂಚೆಯೇ ರೈಲು ಹತ್ತಿ ಬಂದೆ. ಆಗ ಎದುರು ಪಕ್ಷದ ಕಾಗದಗಳು ನನ್ನ ಕೈಗೆ ಬಂದವು.

ಮುಂಬಯಿಯ ಆಮದು ವ್ಯಾಪಾರಿಗಳ ಪರವಾಗಿ ವಕೀಲನೊಬ್ಬ ಬರೆದಿದ್ದ. ಅವನ ವಾದ ಇಷ್ಟೇ: ಸಿಲೋನಿನ ಅಡಿಕೆಯೂ ಶಿವಮೊಗ್ಗದ ಅಡಿಕೆಯೂ ಬೇರೆಬೇರೆ ಸರಕು. ಬಣ್ಣ ಹಚ್ಚಿದರೂ ಬೇರೆ ಎಂದು ಗೊತ್ತಾಗುತ್ತದೆ. ಬೇರೆ ಸರಕಾದ ಮೇಲೆ ಒಂದರಿಂದ ಇನ್ನೊಂದಕ್ಕೆ ಪೈಪೋಟಿ ಎಲ್ಲಿ ಬಂತು? ಪೈಪೋಟಿ ಇಲ್ಲದ ಮೇಲೆ ರಿಯಾಯಿತಿಯಿಂದ ಯಾರಿಗೂ ನಷ್ಟವಿಲ್ಲ. ಬೇಕಾದರೆ ಶಿವಮೊಗ್ಗ ಮಂಡಿಯ ಅತ್ಯುತ್ತಮ ಆರಿಸುವವಳನ್ನೇ ಕರೆಸಿ, ಎರಡನ್ನೂ ಬೆರೆಸಿ ಅವಳ ಮುಂದಿಡಿ, ಅವಳೇ ಬೇರ್ಪಡಿಸಿ ತೋರಿಸುತ್ತಾಳೆ. ಸಮಿತಿ ಅದಕ್ಕೆ ಒಪ್ಪಿತ್ತು.

ಅತ್ಯುತ್ತಮ ಆರಿಸುವವಳು ಯಾರು? ಊರಿಗೆಲ್ಲ ಗೊತ್ತಿತ್ತು. ಅವಳು ಸರಿಯಾಗಿ ಆರಿಸಿದರೆ ವಕೀಲ ಗೆದ್ದ, ಅಂಗಳ ಮುಚ್ಚಿತು. ತಪ್ಪಿ ಆರಿಸಿದರೆ ಮಂಡಿ ಗೆದ್ದಿತು, ಆದರೆ ಕಾಶಮ್ಮನಿಗೆ ಅಡಿಕೆಯೇ ಗೊತ್ತಾಗುವುದಿಲ್ಲ ಎಂದು ಸರ್ಕಾರಿ ಕಾಗದದಲ್ಲಿ ದಾಖಲಾಯಿತು. ಅತ್ತ ದರಿ, ಇತ್ತ ಪುಲಿ.

ಮುರುಗೇಶಪ್ಪನವರು ನನ್ನನ್ನು ಗದ್ದಿಗೆಯ ಪಕ್ಕಕ್ಕೆ ಕರೆದು ಕೂರಿಸಿಕೊಂಡರು. ಅವರು ಕೆಟ್ಟವರಲ್ಲ, ಹೆದರಿದ್ದರು. ಕಾಶಮ್ಮ ಸುಳ್ಳು ಹೇಳುವ ಹೆಂಗಸಲ್ಲವೆಂದು ಅವರಿಗೂ ಗೊತ್ತು. ಅದಕ್ಕೇ ಒಂದು ಉಪಾಯ ಮಾಡಿದ್ದರು. ಆ ಉಗುರೊಂದು ಇಲ್ಲದಿದ್ದರೆ ಅವಳಿಗೆ ನಿಜವಾಗಿಯೂ ಗೊತ್ತಾಗುವುದಿಲ್ಲ, ಆಗ ತಪ್ಪಿದರೂ ಅದು ಸುಳ್ಳಲ್ಲ. ಉಗುರು ಮತ್ತೆ ಬೆಳೆಯುತ್ತದೆ. ‘ಹಾವೂ ಸಾಯಬೇಕು, ಕೋಲೂ ಮುರೀಬಾರದು ಏಕಾಂತಪ್ಪ. ನೀನು ಹೇಳಿದ್ರೆ ಅವಳು ಕೇಳ್ತಾಳೆ. ನಲವತ್ತು ಮನೆ ಒಲೆ ವಿಷಯ ಮಾರಾಯ’ ಎಂದರು.

ನಾನು ಒಪ್ಪಿಕೊಂಡೆ. ಇಂದಿಗೂ ಇದನ್ನು ಬರೆಯಲು ಮನಸ್ಸಿಲ್ಲ, ಆದರೆ ಒಪ್ಪಿಕೊಂಡದ್ದು ನಿಜ. ಗಾಂಧಿಬಜಾರಿನಲ್ಲಿ ಒಂದು ಹೊಸ ಬ್ಲೇಡು ಕೊಂಡು, ಅದನ್ನು ಕಾಗದದಲ್ಲೇ ಇಟ್ಟುಕೊಂಡು ಮನೆಗೆ ಹೋದೆ. ಅತ್ತಿಗೆ ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದಳು. ಮುರುಗೇಶಪ್ಪನವರು ಹೇಳಿದ್ದನ್ನೆಲ್ಲ ನನ್ನದೇ ಬುದ್ಧಿ ಎಂಬಂತೆ ಹೇಳಿ ಮುಗಿಸಿ ಬ್ಲೇಡನ್ನು ಕಟ್ಟೆಯ ಮೇಲಿಟ್ಟೆ. ಅವಳು ಬಟ್ಟೆ ಹರವುವುದನ್ನು ನಿಲ್ಲಿಸಲಿಲ್ಲ. ಕೊನೆಯ ಸೀರೆ ಹರವಿ, ಕೈ ಒರೆಸಿಕೊಂಡು, ನನ್ನ ಎದುರು ಬಂದು ಕೂತಳು.

‘ನಿಮ್ಮಣ್ಣ ಹೋದಾಗ ಬಳೆ ತೆಗಿ ಅಂದ್ರು, ತೆಗೆದೆ. ತಾಳಿ ತೆಗಿ ಅಂದ್ರು, ತೆಗೆದೆ. ಅವೆಲ್ಲ ಬೇರೆಯವರು ಕೊಟ್ಟಿದ್ದು, ಬೇರೆಯವರು ಕೇಳಿದ್ರು. ಈ ಉಗುರು ನಾನು ಬೆಳೆಸಿದ್ದು ಕಣೋ ಏಕಾಂತ. ಇದನ್ನ ಕೇಳೋಕೆ ನೀನು ಬಂದ್ಯಾ?’

ನಾನು ನಲವತ್ತು ಮನೆಗಳ ಮಾತೆತ್ತಿದೆ. ಆ ನಲವತ್ತು ಮನೆ ತನಗೆ ಗೊತ್ತಿಲ್ಲವೇ, ಅವರ ಮಕ್ಕಳ ಹೆಸರು ಮುರುಗೇಶಪ್ಪನಿಗೆ ಗೊತ್ತೋ ತನಗೆ ಗೊತ್ತೋ ಎಂದು ಕೇಳಿದಳು. ಆಮೇಲೆ ಬ್ಲೇಡು ಎತ್ತಿ ನನ್ನ ಕೈಗೇ ಕೊಟ್ಟು, ‘ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತ ಗಾದೆ ಮಾಡಿದೋರು ಸುಮ್ನೆ ಮಾಡಿದ್ರಾ? ಹೋಗು, ಗಡ್ಡ ಕೆರ್ಕೊ. ದಿಲ್ಲಿಯೋರ ಮುಂದೆ ನೀಟಾಗಿರು’ ಎಂದಳು. ಅಷ್ಟು ಕೋಪದಲ್ಲೂ ಅವಳಿಗೆ ತಮಾಷೆ. ನಾನು ನಗಲಿಲ್ಲ. ಅವಳು ಆರಿಸುವುದು ಖಂಡಿತ, ಅಂಗಳ ಮುಚ್ಚುವುದೂ ಖಂಡಿತ ಎಂದುಕೊಂಡು ಒಳಗೆ ಹೋದೆ.

ವಿಚಾರಣೆ ದುರ್ಗಿಗುಡಿಯ ಒಂದು ಶಾಲೆಯ ಹಾಲಿನಲ್ಲಿ ನಡೆಯಿತು. ಅಧ್ಯಕ್ಷರು ಉತ್ತರದ ಕಡೆಯ ಹಿರಿಯ ಅಧಿಕಾರಿ, ಮಾತು ಕಡಿಮೆ. ವಕೀಲನದು ತದ್ವಿರುದ್ಧ. ಬಿಳಿ ಪ್ಯಾಂಟು, ಕೆಂಪು ಬಾಯಿ. ಬಂದವನೇ ಬೆಳ್ಳಿಯ ಅಡಿಕೆ ಡಬ್ಬಿ ತೆಗೆದು ಅಧ್ಯಕ್ಷರಿಗೆ ಒಂದು ಚೂರು ಕೊಟ್ಟು, ತಾನೊಂದು ಬಾಯಿಗೆ ಹಾಕಿಕೊಂಡು, ಹತ್ತು ವರ್ಷದಿಂದ ನಾನು ನಿಮ್ಮೂರ ಅಡಿಕೆಯನ್ನೇ ತಿನ್ನುತ್ತೇನೆ, ಬೇರೆಯದು ನನ್ನ ನಾಲಿಗೆಗೆ ಒಗ್ಗುವುದಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ನಾನು ಅದನ್ನು ಕನ್ನಡಕ್ಕೆ ತಿರುಗಿಸಿದೆ. ಮಂಡಿಯವರು ಬೇಕೋ ಬೇಡವೋ ಎಂಬಂತೆ ನಕ್ಕರು. ಅತ್ತಿಗೆ ಡಬ್ಬಿಯನ್ನೇ ನೋಡುತ್ತಿದ್ದಳು.

ಬೆತ್ತದ ತಟ್ಟೆಯಲ್ಲಿ ಅರವತ್ತು ಕೆಂಪು ಅಡಿಕೆ ಬಂತು. ಎಲ್ಲವೂ ಮುಂಬಯಿ ಪೇಟೆಯಲ್ಲಿ ಕೊಂಡದ್ದು. ಅದರಲ್ಲಿ ಎಷ್ಟು ಸಿಲೋನಿನವೆಂದು ಬರೆದ ಚೀಟಿ ಮಡಿಸಿ ಅಧ್ಯಕ್ಷರ ಮುಂದೆ ಇಟ್ಟರು. ಅತ್ತಿಗೆ ನೆಲದ ಮೇಲೆ ಕೂತಳು. ಕುರ್ಚಿ ಕೊಟ್ಟರು, ಬೇಡವೆಂದಳು. ಮುರುಗೇಶಪ್ಪನವರು ಅವಳ ಕೈ ನೋಡಿದರು. ಉಗುರು ಇದ್ದಲ್ಲೇ ಇತ್ತು. ಅವರು ನನ್ನ ಕಡೆ ತಿರುಗಿ ಒಂದು ನೋಟ ಬೀರಿದರು, ನಾನು ಕಿಟಕಿ ನೋಡಿದೆ.

ಗೀರು, ಎಡಕ್ಕೆ. ಗೀರು, ಬಲಕ್ಕೆ. ಒಂದು ಎಲೆಯಡಿಕೆ ಹಾಕಿ ಮುಗಿಸುವಷ್ಟು ಹೊತ್ತಿನಲ್ಲಿ ಮುಗಿಸಿ, ಎಡಗಡೆ ರಾಶಿ ತೋರಿಸಿ, ‘ಇಪ್ಪತ್ಮೂರು ನಮ್ದಲ್ಲ’ ಎಂದಳು. ಅಧ್ಯಕ್ಷರು ಚೀಟಿ ಬಿಚ್ಚಿದರು. ಇಪ್ಪತ್ತಮೂರು.

ಇನ್ನೇನು ಬೇಕಿತ್ತು ವಕೀಲನಿಗೆ? ಎದ್ದು ನಿಂತು, ಈ ತಾಯಿಗೆ ನನ್ನ ನಮಸ್ಕಾರ, ಇವರೇ ನನ್ನ ಕೇಸು ಗೆಲ್ಲಿಸಿದರು ಎಂದ. ಓದುಬರಹವಿಲ್ಲದ ಒಬ್ಬ ಹೆಂಗಸು ಒಂದು ತಪ್ಪೂ ಇಲ್ಲದೆ ಬೇರ್ಪಡಿಸಿದ ಮೇಲೆ ಇವು ಎರಡು ಸರಕು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ ಎಂದು ಕೇಳಿದ. ಅಧ್ಯಕ್ಷರು ಬರೆದುಕೊಳ್ಳತೊಡಗಿದರು. ಮುರುಗೇಶಪ್ಪನವರು ತಲೆ ಮೇಲೆ ಕೈ ಹೊತ್ತರು. ಹಿಂದೆ ನಿಂತಿದ್ದ ಹೆಂಗಸರಲ್ಲಿ ಹುಚ್ಚಮ್ಮ ಅಳುವುದು ನನಗೆ ಕೇಳಿಸಿತು. ನನಗೂ ಸಿಟ್ಟು ಬಂತು. ಯಾರ ಮೇಲೆ ಎಂದರೆ, ಅತ್ತಿಗೆಯ ಮೇಲೇ. ಬಾಯಿಬಿಟ್ಟು ಸುಳ್ಳು ಹೇಳುವುದು ಬೇಡ, ಒಂದೆರಡು ಅಡಿಕೆಯನ್ನಾದರೂ ಆ ಕಡೆ ಈ ಕಡೆ ಹಾಕಬಾರದಿತ್ತೇ ಮಾರಾಯ್ತಿ ಎಂದು ಒಳಗೊಳಗೇ ಬೈದುಕೊಂಡೆ.

ಅವಳು ಎದ್ದು, ಸೆರಗು ಸರಿ ಮಾಡಿಕೊಂಡು, ಆ ಸ್ವಾಮಿಯವರ ಡಬ್ಬಿ ಒಂದು ಗಳಿಗೆ ಕೊಡಬಹುದೇ ಕೇಳು ಎಂದು ನನಗೆ ಹೇಳಿದಳು. ನಾನು ಕೇಳಿದೆ. ವಕೀಲ ಸಂತೋಷದಿಂದಲೇ ಕೊಟ್ಟ, ಗೆದ್ದ ಮನುಷ್ಯನ ಧಾರಾಳ. ಅವಳು ಒಂದು ಚೂರು ತೆಗೆದು ಗೀರಿದಳು, ಇನ್ನೊಂದು ತೆಗೆದು ಗೀರಿದಳು. ಮೂರನೆಯದನ್ನು ಹಲ್ಲಿನಲ್ಲಿ ಕಚ್ಚಿ ಎರಡು ಮಾಡಿ ಅಧ್ಯಕ್ಷರ ಮೇಜಿನ ಮೇಲೆ, ಅವರ ಕಾಗದದ ಪಕ್ಕ ಇಟ್ಟಳು. ಮೇಲೆ ಕೆಂಪು, ಒಳಗೆ ಬೂದಿ ಬಿಳುಪು. ಪಕ್ಕಕ್ಕೆ ತಟ್ಟೆಯ ಬಲಗಡೆ ರಾಶಿಯಿಂದ ನಮ್ಮ ಅಡಿಕೆಯೊಂದನ್ನು ಒಡೆದಿಟ್ಟಳು. ಅದು ಒಳಗಿನವರೆಗೂ ಕೆಂಪು.

‘ಹತ್ತು ವರ್ಷದಿಂದ ನಮ್ಮೂರದ್ದೇ ತಿಂತೀನಿ ಅಂದ ಇವರ ಡಬ್ಬೀಲಿರೋದು ಸಿಲೋನಿಂದು’ ಎಂದಳು. ‘ನಂಗೆ ಗೊತ್ತಾಗೋದು ನನ್ನ ಕಸುಬು ಸ್ವಾಮಿ. ತಿನ್ನೋರಿಗೆ ಗೊತ್ತಾಗಲ್ಲ, ಅದು ಇವರ ವ್ಯಾಪಾರ. ಅಂಗಡೀಲಿ ಕೊಳ್ಳೋರ ಪಕ್ಕದಲ್ಲಿ ನಾನು ಕೂತಿರ್ತೀನಾ?’

ನಾನು ಇಂಗ್ಲಿಷಿನಲ್ಲಿ ಒಂದಕ್ಷರ ಬಿಡದೆ ಹೇಳಿದೆ. ವಕೀಲ ಡಬ್ಬಿಗೆ ಕೈ ಚಾಚಿದ. ಅಧ್ಯಕ್ಷರು ಅದಕ್ಕಿಂತ ಮೊದಲೇ ಇನ್ನೊಂದು ಚೂರು ತೆಗೆದು ತಾವೇ ಮುರಿದು ನೋಡಿದರು. ಬೆಳಿಗ್ಗೆ ಅದನ್ನೇ ಬಾಯಿಗೆ ಹಾಕಿಕೊಂಡು ಚೆನ್ನಾಗಿದೆ ಎಂದವರು ಅವರು. ಬರೆದಿದ್ದ ಸಾಲನ್ನು ಹೊಡೆದು ಹಾಕಿ ಕೆಳಗೆ ಬೇರೆ ಬರೆದರು.

ಆದರೆ ಅವರು ಸುಳ್ಳು ಭರವಸೆ ಕೊಡುವವರಲ್ಲ. ನನ್ನ ಮೂಲಕ ಅವಳಿಗೆ ಬಿಡಿಸಿ ಹೇಳಿದರು. ರಿಯಾಯಿತಿ ಒಬ್ಬರು ಮಾತ್ರ ಮಾಡಿದ್ದಲ್ಲ, ಮಾತು ಕೊಟ್ಟು ಮಾತು ತೆಗೆದುಕೊಂಡದ್ದು. ನಮ್ಮ ಚಹ, ನಮ್ಮ ಗೋಣಿ ಬಟ್ಟೆ ಬೇರೆ ದೇಶಕ್ಕೆ ಹೋದಾಗ ಅಲ್ಲಿ ನಮಗೂ ರಿಯಾಯಿತಿ ಸಿಗುತ್ತದೆ. ಅಡಿಕೆಗಾಗಿ ಒಂದು ಎಳೆ ಎಳೆದರೆ ಚಹದ ತೋಟದವರ ಗಂಟು ಬಿಚ್ಚಿಕೊಳ್ಳುತ್ತದೆ. ಸುಂಕವನ್ನು ನಾವೊಬ್ಬರೇ ಬದಲಾಯಿಸುವಂತಿಲ್ಲ. ಎಷ್ಟು ಮಾಲು ಒಳಗೆ ಬಿಡಬೇಕು ಎಂಬ ಪರವಾನಗಿ ಮಾತ್ರ ನಮ್ಮ ಕೈಯಲ್ಲಿದೆ, ಅದನ್ನು ಬರೆಯುತ್ತೇನೆ ಎಂದರು. ಅತ್ತಿಗೆ ಪೂರ್ತಿ ಕೇಳಿಸಿಕೊಂಡು, ಬೀಗರನ್ನ ಎಬ್ಬಿಸಿ ಕಳಿಸೋಕಾಗಲ್ಲ, ಸೌಟು ಚಿಕ್ಕದು ಮಾಡಬಹುದು ಅಂತ ತಾನೇ ಎಂದಳು. ನಾನು ಅದನ್ನೂ ಅನುವಾದಿಸಿದೆ. ಅಧ್ಯಕ್ಷರು ಆ ದಿನ ಮೊದಲ ಸಲ ನಕ್ಕರು.

ಹೇಳಿಕೆಯ ಕೆಳಗೆ ಅವಳು ಹೆಬ್ಬೆಟ್ಟು ಒತ್ತಬೇಕಿತ್ತು. ಶಾಯಿ ಹಿಡಿದ ಗುಮಾಸ್ತ, ಉಗುರು ಅಡ್ಡ ಬರುತ್ತದಮ್ಮ, ಗುರುತು ಸರಿಯಾಗಿ ಬೀಳುವುದಿಲ್ಲ ಎಂದು ಗೊಣಗಿದ. ಬಿದ್ದಷ್ಟು ಬೀಳಲಿ ಎಂದು ಅವಳು ಒತ್ತಿದಳು. ಹೆಬ್ಬೆಟ್ಟಿನ ಗುರುತಿನ ಮೇಲೆ ಉಗುರಿನ ಅಂಚು ಒಂದು ಬಾಗಿದ ಗೆರೆಯಾಗಿ ಬಿತ್ತು.

ದೀಪಾವಳಿ ಬಂತು, ಅಂಗಳ ಮುಚ್ಚಲಿಲ್ಲ. ಮುಚ್ಚುವ ಧೈರ್ಯ ಮುರುಗೇಶಪ್ಪನವರಿಗೆ ಉಳಿದಿರಲಿಲ್ಲ. ಮರುವರ್ಷ ಬೇಸಿಗೆಯಲ್ಲಿ ಪರವಾನಗಿ ಬಿಗಿ ಮಾಡಿದ ಸುದ್ದಿ ಬಂತು, ಮುಂಬಯಿಯ ಖರೀದಿದಾರರೂ ಹಿಂದೆಯೇ ಬಂದರು. ನಾನು ಭದ್ರಾವತಿಯಿಂದ ರೈಲಿಳಿದು ನೇರ ಅಂಗಳಕ್ಕೆ ಓಡಿ ಅವಳಿಗೆ ಹೇಳಿದೆ. ಅವಳು ಕೈ ನಿಲ್ಲಿಸದೆ, ರಿಯಾಯಿತಿ ಹೋಯಿತೇ ಎಂದು ಕೇಳಿದಳು. ಇಲ್ಲ ಎಂದೆ.

‘ಹಂಗಾದ್ರೆ ಸೌಟು ಯಾವಾಗ ಬೇಕಾದ್ರೂ ದೊಡ್ಡದಾಗುತ್ತೆ. ಅರ್ಜಿ ಬರಿ.’

ಬರೆದೆ. ಆಮೇಲೆ ಪ್ರತಿ ವರ್ಷ ಬರೆದೆ. ನಾನು ಇಂಗ್ಲಿಷಿನಲ್ಲಿ ಬರೆಯುವುದು, ಅವಳು ಕನ್ನಡದಲ್ಲಿ ಓದಿಸಿಕೊಂಡು ಎರಡು ಕಡೆ ತಿದ್ದಿಸುವುದು, ಹೆಬ್ಬೆಟ್ಟು ಒತ್ತುವುದು. ನಾಲ್ಕು ಸಲ ಸ್ವೀಕರಿಸಿದ್ದೇವೆ ಎಂಬ ಉತ್ತರ ಬಂತು, ಉಳಿದ ಸಲ ಅದೂ ಇಲ್ಲ. ದಿಲ್ಲಿಯವರಿಗೆ ಬೇರೆ ಕೆಲಸವಿಲ್ಲವೇ ಎಂದು ನಾನು ಬೇಸತ್ತು ಕೇಳಿದರೆ, ಅವರಿಗೆ ಬೇರೆ ಕೆಲಸ ಇದೆ, ಅದಕ್ಕೇ ನಾವು ನೆನಪು ಮಾಡಬೇಕು ಎನ್ನುತ್ತಿದ್ದಳು. ಹೀಗೆ ಹನ್ನೊಂದು ಅರ್ಜಿ ಆದವು.

ಅರವತ್ತೇಳರಲ್ಲಿ ಅವಳು ಮೂರು ದಿನದ ಜ್ವರದಲ್ಲಿ ಹೋದಳು. ಐವತ್ತು ವರ್ಷವೂ ಆಗಿರಲಿಲ್ಲ. ಮೀಸುವ ಹೊತ್ತಿಗೆ ನೆಂಟರ ಮುದುಕಿಯೊಬ್ಬಳು ಇದೇನು ಇಷ್ಟುದ್ದ ಉಗುರು, ತೆಗೆದುಬಿಡಿ ಎಂದಳು. ಯಾರೋ ಬ್ಲೇಡು ತರಲು ಎದ್ದರು. ಮುಟ್ಟಿದರೆ ಸರಿ ಇರಲ್ಲ ಎಂದು ನಾನು ಕಿರುಚಿದ್ದು ಬೀದಿಗೆ ಕೇಳಿಸಿತಂತೆ. ಎಲ್ಲರೂ ದುಃಖಕ್ಕೆ ಬುದ್ಧಿ ಕೆಟ್ಟಿದೆ ಎಂದುಕೊಂಡರು. ಉಗುರು ತೆಗೆ ಎಂದು ಮೊದಲ ಸಲ ಅಂದವನು ನಾನೇ ಎಂದು ಅವರಿಗೇನು ಗೊತ್ತು? ಉಗುರನ್ನು ಹಾಗೆಯೇ ಬಿಟ್ಟು ಅವಳನ್ನು ಮಣ್ಣು ಮಾಡಿದೆವು.

ಆ ವರ್ಷದ ಅರ್ಜಿ ಬರೆಯಲು ನನಗೆ ಮನಸ್ಸಾಗಲಿಲ್ಲ. ಒಂದು ಭಾನುವಾರ ಹುಚ್ಚಮ್ಮ ದುರ್ಗಿಗುಡಿಯ ಮನೆಗೆ ಬಂದು ಬಾಗಿಲಲ್ಲೇ ನಿಂತಳು. ಅವಳಿಗೂ ಆಗ ಮೂವತ್ತು ದಾಟಿತ್ತು, ಅಂಗಳದಲ್ಲಿ ಕಾಶಮ್ಮನ ಜಾಗದಲ್ಲಿ ಕೂರುತ್ತಿದ್ದಳು. ಅರ್ಜಿ ಬರೆದಾಯ್ತೇ ಎಂದು ಕೇಳಿದಳು. ಇಲ್ಲ ಎಂದೆ. ಕೂತ್ಕೊಳ್ಳಿ, ನಾನು ಕಾಯ್ತೀನಿ ಎಂದಳು. ನಾನು ಕೂತು ಬರೆದೆ, ಕನ್ನಡದಲ್ಲಿ ಓದಿ ಹೇಳಿದೆ. ಅವಳು ಎರಡು ಕಡೆ ತಿದ್ದಿಸಿದಳು. ಆಮೇಲೆ ಶಾಯಿಗೆ ಬೆರಳು ಅದ್ದಿ, ಕಾಗದದ ಕೆಳಗೆ ಹೆಬ್ಬೆಟ್ಟು ಒತ್ತಿ ತೆಗೆದಳು. ಗುರುತಿನ ಮೇಲೆ ಬಾಗಿದ ಗೆರೆ ಬಿದ್ದಿತ್ತು.